ಕ್ವಿಬೆಕ್ ಪ್ರಾಂತ್ಯದ ಪ್ರಶ್ನೋತ್ತರ

ಆ ವಕೀಲರು ತೀರಿಕೊಂಡಾಗ ಮೈಸೂರಿನ ಪತ್ರಿಕೆಗಳು ಅವರನ್ನು ಹೊಗಳಿ ಉದ್ದುದ್ದ ಬರೆದವು. ಪ್ರಜೆಗಳ ದನಿ, ಕನ್ನಡದ ಅಭಿಮಾನಿ, ಹೆಣ್ಣುಮಕ್ಕಳ ವಿದ್ಯೆಗೆ ಆಸರೆ ಎಂದೆಲ್ಲ ಇತ್ತು. ನಾನು ಪೂರ್ತಿ ಓದಿ, ಪತ್ರಿಕೆಯನ್ನು ಒಲೆ ಹಚ್ಚುವುದಕ್ಕೆ ತೆಗೆದಿಟ್ಟೆ. ಸತ್ತವರ ಮೇಲೆ ದ್ವೇಷ ಇಟ್ಟುಕೊಳ್ಳಬಾರದೆಂದು ನಮ್ಮ ಚರ್ಚಿನ ಸ್ವಾಮಿಗಳು ಪಾಪನಿವೇದನೆಯ ಹೊತ್ತಿನಲ್ಲಿ ಎರಡು ಸಲ ಹೇಳಿದರು. ಎರಡು ಸಲವೂ ಆಗಲಿ ಎಂದು ತಲೆಯಾಡಿಸಿ ಬಂದೆ. ದ್ವೇಷ ಇನ್ನೂ ಇದೆ. ಅದು ಏಕೆ ಇದೆ ಎಂದು ಬರೆದಿಡುತ್ತೇನೆ. ನನ್ನ ತಪ್ಪು ಎಷ್ಟಿದೆಯೋ ಅದನ್ನೂ ಬರೆಯುತ್ತೇನೆ.

ನಮ್ಮ ಅಪ್ಪ ದೇವರಾಜ ಮೊಹಲ್ಲಾದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದರು. ಮುಂದೆ ಅಂಗಡಿ, ಹಿಂದೆ ಮನೆ. ನನಗೆ ಎಂಟು ವರ್ಷವಾಗಿದ್ದಾಗ ಅಮ್ಮ ಪ್ಲೇಗಿನಲ್ಲಿ ಹೋದಳು. ಅಂಗಡಿಯಲ್ಲಿ ಕೂತು ಅಳುವ ಮಗುವನ್ನು ಏನು ಮಾಡುವುದೆಂದು ತೋಚದೆ ಅಪ್ಪ ನನ್ನನ್ನು ಕಾನ್ವೆಂಟಿನ ಶಾಲೆಗೆ ಸೇರಿಸಿದರು. ಅಲ್ಲಿ ನನ್ನನ್ನು ಸಾಕಿದವರು ಒಬ್ಬ ಮದರ್. ಅವರು ಫ್ರಾನ್ಸಿನವರೆಂದೇ ನಾವೆಲ್ಲ ಅಂದುಕೊಂಡಿದ್ದೆವು. ಆದರೆ ಅವರ ಊರು ಕೆನಡಾ ದೇಶದಲ್ಲಿ, ಫ್ರೆಂಚ್ ಮಾತಾಡುವ ಒಂದು ಪ್ರಾಂತ್ಯದಲ್ಲಿ ಇತ್ತು. ಅವರು ಅದನ್ನು ಕೆಬೆಕ್ ಎನ್ನುತ್ತಿದ್ದರು. ಇಂಗ್ಲಿಷ್ ಭೂಪಟದಲ್ಲಿ ಅದು ಕ್ವಿಬೆಕ್.

ಮದರ್ ನನಗೆ ಫ್ರೆಂಚ್ ಕಲಿಸಿದರು. ಪ್ರಾರ್ಥನೆಯ ಪುಸ್ತಕ ಮುಗಿದ ಮೇಲೆ ಓದಿಸಲು ಅವರ ಬಳಿ ಇದ್ದದ್ದು ಇನ್ನೊಂದೇ ಪುಸ್ತಕ. ಅವರ ತಮ್ಮ ಚಿಕ್ಕಂದಿನಲ್ಲಿ ಶಾಲೆಯಲ್ಲಿ ಓದಿದ್ದು. ಆ ಪ್ರಾಂತ್ಯದ ಸರ್ಕಾರ ಹೇಗೆ ನಡೆಯುತ್ತದೆ ಎಂಬುದನ್ನು ಮಕ್ಕಳಿಗೆ ತಿಳಿಸುವ ಸಣ್ಣ ಪುಸ್ತಕ. ನಾವು ಭಾನುವಾರ ಕಲಿಯುತ್ತಿದ್ದ ಜ್ಞಾನೋಪದೇಶದ ಹಾಗೆಯೇ ಅದರಲ್ಲೂ ಪ್ರಶ್ನೆ, ಅದರ ಕೆಳಗೆ ಉತ್ತರ. ದೇವರು ಎಷ್ಟು ಮಂದಿ ಎಂಬ ಪ್ರಶ್ನೆಗೆ ಉತ್ತರ ಒಪ್ಪಿಸುವ ದನಿಯಲ್ಲೇ ನಾನು, ಪ್ರಾಂತ್ಯದಲ್ಲಿ ಕಾನೂನು ಮಾಡುವವರು ಯಾರು ಎಂಬ ಪ್ರಶ್ನೆಗೂ ಫ್ರೆಂಚಿನಲ್ಲಿ ಒಪ್ಪಿಸುತ್ತಿದ್ದೆ. ಅರ್ಥ ನಿಧಾನವಾಗಿ ಬಂತು. ಇಪ್ಪತ್ತು ದಾಟುವ ಹೊತ್ತಿಗೆ ಅದೇ ಶಾಲೆಯಲ್ಲಿ ಟೀಚರಾದೆ.

ಯೂರೋಪಿನ ಮಹಾಯುದ್ಧ ಮುಗಿದು ಎರಡು ಮೂರು ವರ್ಷವಾಗಿತ್ತು. ಮದರ್ ಪುಸ್ತಕದ ಹೊಲಿಗೆ ಬಿಚ್ಚಿಹೋಗಿತ್ತು ಎಂದು ನಾನು ಅದನ್ನು ಅಪ್ಪನ ಅಂಗಡಿಗೆ ತಂದಿದ್ದೆ. ಅಪ್ಪ ಅದನ್ನು ಹೊಲಿಯುತ್ತ ಕೂತಿದ್ದಾಗ ವಕೀಲರು ಕಾನೂನು ಪುಸ್ತಕಗಳ ಕಟ್ಟು ಹೊರಿಸಿಕೊಂಡು ಬಂದರು. ತಲೆತಲಾಂತರದಿಂದ ಅರಮನೆಯ ಚಾಕರಿ, ಶಾಸ್ತ್ರ, ವಿದ್ಯೆ ಎಲ್ಲ ಇದ್ದ ಮನೆತನ ಅವರದು. ಜರಿಯಂಚಿನ ಪೇಟ, ಉದ್ದ ಕೋಟು. ಪ್ರಜಾಪ್ರತಿನಿಧಿ ಸಭೆಗೆ ಆಗ ಅವರು ಸದಸ್ಯರಾಗಿದ್ದರು.

"ಇದ್ಯಾವ ಭಾಷೆ?" ಎಂದು ಅವರು ಬಾಗಿ ನೋಡಿದರು.

"ಫ್ರೆಂಚು ಸ್ವಾಮಿ. ನನ್ನ ಮಗಳು ಓದ್ತಾಳೆ."

"ನಿನ್ನ ಮಗಳೇ? ಎಲ್ಲಿ, ಕರಿ ನೋಡೋಣ."

ನಾನು ಬಾಗಿಲಿಗೆ ಬಂದೆ. ಅವರು ಬೆರಳಿಟ್ಟು ಒಂದು ಪುಟ ತೋರಿಸಿದರು. ಮೊದಲು ಫ್ರೆಂಚಿನಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಹೇಳಿದೆ. "ಪ್ರಶ್ನೆ. ಪ್ರಾಂತ್ಯದ ಹಣ ಖರ್ಚು ಮಾಡೋದಕ್ಕೆ ಯಾರ ಒಪ್ಪಿಗೆ ಬೇಕು? ಉತ್ತರ. ಜನ ಆರಿಸಿ ಕಳಿಸಿದ ಸಭೆಯ ಒಪ್ಪಿಗೆ ಬೇಕು."

ವಕೀಲರು ಅಂಗಡಿಯ ಬೆಂಚನ್ನು ವಸ್ತ್ರದಿಂದ ಒರೆಸಿ ಕೂತರು. ನಮ್ಮ ಬೆಂಚಿನ ಮೇಲೆ ಅವರು ಕೂತದ್ದು ಅದೇ ಮೊದಲು.

ಅವರಿಗೆ ಏಕೆ ಅಷ್ಟು ಆಸಕ್ತಿ ಬಂತೆಂದು ಆಮೇಲೆ ತಿಳಿಯಿತು. ನಮ್ಮ ಸಂಸ್ಥಾನದ ಸಭೆ ದಸರಾ ಸಮಯದಲ್ಲಿ ಸೇರುತ್ತಿತ್ತು. ದಿವಾನರು ವರ್ಷದ ವರದಿ ಓದುವರು, ಸದಸ್ಯರು ಕೇಳುವರು. ಊರಿಗೆ ಕೆರೆ ಬೇಕು, ರಸ್ತೆ ಬೇಕು ಎಂದು ಅಹವಾಲು ಹೇಳಿಕೊಳ್ಳುವರು, ಅಷ್ಟೇ. ಆಗಲಿ ಎನ್ನುವುದೂ ಇಲ್ಲ ಎನ್ನುವುದೂ ದಿವಾನರ ಇಷ್ಟ. ಸಭೆಗೆ ಇನ್ನಷ್ಟು ಅಧಿಕಾರ ಕೊಡಬೇಕೆಂಬ ಮಾತು ಆ ವರ್ಷ ಎಲ್ಲ ಕಡೆ ಎದ್ದಿತ್ತು. ಅದರ ಮೇಲೆ ವಕೀಲರು ಭಾಷಣ ಮಾಡುವವರಿದ್ದರು.

"ಇಂಗ್ಲಿಷ್ ಪುಸ್ತಕದಲ್ಲಿರೋದನ್ನ ಎಲ್ಲರೂ ಹೇಳ್ತಾರೆ ಕಣಮ್ಮ," ಎಂದರು. "ಇದು ಬೇರೆ. ಇಂಗ್ಲಿಷರ ಕಿರೀಟದ ಕೆಳಗೇ ಇದ್ಕೊಂಡು, ತಮ್ಮ ಭಾಷೆ ಬಿಡದೆ ರಾಜ್ಯ ನಡೆಸ್ತಿರೋ ಜನ. ನಮಗೆ ಬೇಕಾಗಿರೋದೇ ಇದು. ಪೂರ್ತಿ ಕನ್ನಡಕ್ಕೆ ತಂದ್ಕೊಡು. ನಿನ್ನ ಹೆಸರನ್ನ ಸಭೇಲಿ ಹೇಳ್ತೀನಿ."

ಅಪ್ಪ ನನ್ನ ಮುಖ ನೋಡಿದರು. ಅವರ ಕಣ್ಣಲ್ಲಿದ್ದ ಹೆಮ್ಮೆ ನೋಡಿ ನಾನು ಒಪ್ಪಿಕೊಂಡೆ. ನನಗೂ ಆಸೆ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಶಾಲೆ ಬಿಟ್ಟ ಮೇಲೆ ವಾರಕ್ಕೆ ಮೂರು ದಿನ ಅವರ ಮನೆಗೆ ಹೋಗುತ್ತಿದ್ದೆ. ನನ್ನ ಜಾಗ ಜಗಲಿ. ಅವರು ಹೊಸ್ತಿಲಿನಾಚೆ ಕುರ್ಚಿಯ ಮೇಲೆ. ನಾನು ಓದಿ ಹೇಳುವುದು, ಅವರು ಕೇಳಿ ಪ್ರಶ್ನೆ ಹಾಕುವುದು, ಆಮೇಲೆ ನಾನು ಮನೆಯಲ್ಲಿ ಕೂತು ಚೊಕ್ಕವಾಗಿ ಬರೆದು ತರುವುದು. ಬಾಯಾರಿಕೆ ಎಂದರೆ ಒಳಗಿನಿಂದ ಯಾರೋ ಬಂದು ಎತ್ತರದಿಂದ ನನ್ನ ಬೊಗಸೆಗೆ ನೀರು ಸುರಿಯುತ್ತಿದ್ದರು. ಎರಡನೆಯ ವಾರವಿರಬೇಕು, ಕೊಡೆ ಮರೆತೆನೆಂದು ಬೀದಿಯ ತಿರುವಿನಿಂದ ವಾಪಸು ಬಂದೆ. ನಾನು ಕೂತಿದ್ದ ಜಾಗಕ್ಕೆ ನೀರು ಹಾಕಿ ಉಜ್ಜುತ್ತಿದ್ದರು. ವಕೀಲರು ಅದೇ ಕುರ್ಚಿಯಲ್ಲಿ ಕೂತು ನನ್ನ ಹಾಳೆಗಳನ್ನು ಓದುತ್ತಿದ್ದರು. ಹಾಳೆಗೆ ಮೈಲಿಗೆ ಇರಲಿಲ್ಲ. ನಾನು ಕೊಡೆ ಕೇಳಲಿಲ್ಲ, ನೆನೆದುಕೊಂಡೇ ಮನೆಗೆ ಹೋದೆ.

ಕೆಲಸ ಬಿಡಬೇಕಿತ್ತು. ಬಿಡಲಿಲ್ಲ. ಪುಸ್ತಕ ನನ್ನನ್ನು ಹಿಡಿದುಕೊಂಡಿತ್ತು. ಬಾಯಿಪಾಠವಾಗಿದ್ದ ಉತ್ತರಗಳನ್ನು ಕನ್ನಡದಲ್ಲಿ ಹೇಳಬೇಕಾದಾಗ ಅವು ಮೊದಲ ಸಲ ಮಾತಾಡಿದಂತೆ ಅನ್ನಿಸಿತು. ಆ ಪ್ರಾಂತ್ಯದಲ್ಲಿ ಇಂಗ್ಲೆಂಡಿನ ದೊರೆಯ ಹೆಸರಿನಲ್ಲಿ ಒಬ್ಬ ಲೆಫ್ಟಿನೆಂಟ್ ಗವರ್ನರ್ ಇರುತ್ತಾನೆ. ಅವನನ್ನು ನೇಮಿಸುವುದು ಇಡೀ ಕೆನಡಾದ ಸರ್ಕಾರ. ಕಾನೂನು ಮಾಡುವುದಕ್ಕೆ ಎರಡು ಮನೆಗಳು. ಮೇಲಿನ ಮನೆಯಲ್ಲಿ ಇಪ್ಪತ್ತನಾಲ್ಕು ಮಂದಿ. ಅವರನ್ನು ಸರ್ಕಾರ ನೇಮಿಸುತ್ತದೆ, ಜೀವ ಇರುವ ತನಕ ಅವರು ಅಲ್ಲೇ ಇರುತ್ತಾರೆ. ಕೆಳಗಿನ ಮನೆಯವರನ್ನು ಜನ ಆರಿಸುತ್ತಾರೆ. ಎರಡೂ ಕಡೆ ಫ್ರೆಂಚಿನಲ್ಲಿ ಮಾತಾಡಬಹುದು, ಇಂಗ್ಲಿಷಿನಲ್ಲೂ ಮಾತಾಡಬಹುದು. ಕಾನೂನು ಎರಡೂ ಭಾಷೆಗಳಲ್ಲಿ ಅಚ್ಚಾಗುತ್ತದೆ. ಶಾಲೆಗಳಿಗೆ ಮಂತ್ರಿಯೇ ಇಲ್ಲ. ಕಥೋಲಿಕರ ಶಾಲೆಗಳನ್ನು ಬಿಷಪ್ಪರು ಕೂಡಿದ ಒಂದು ಸಮಿತಿ, ಪ್ರಾಟೆಸ್ಟೆಂಟರ ಶಾಲೆಗಳನ್ನು ಇನ್ನೊಂದು ಸಮಿತಿ ನೋಡಿಕೊಳ್ಳುತ್ತದೆ.

ಮುಖ್ಯಮಂತ್ರಿಯ ಪಾಠಕ್ಕೆ ಬಂದಾಗ ವಾದವಾಯಿತು.

"ಅಂದ್ರೆ ಅಲ್ಲಿಯ ದಿವಾನ," ಎಂದರು ವಕೀಲರು. "ಹಾಗೇ ಬರಿ. ಜನಕ್ಕೆ ಅರ್ಥ ಆಗುತ್ತೆ."

"ದಿವಾನರ ಹಾಗಲ್ಲ ಸ್ವಾಮಿ."

"ಯಾರು ನೇಮಿಸೋದು ಅವನನ್ನ?"

"ಲೆಫ್ಟಿನೆಂಟ್ ಗವರ್ನರು."

"ಮತ್ತೆ? ನಮ್ಮಲ್ಲಿ ಮಹಾರಾಜರು ನೇಮಿಸ್ತಾರೆ. ಅಲ್ಲಿಗೆ ಅಲ್ಲಿಗೆ ಸರಿಹೋಯ್ತು."

"ನೇಮಿಸೋದು ಅವರು. ಆದರೆ ಕೆಳಗಿನ ಮನೇಲಿ ಹೆಚ್ಚು ಜನ ಯಾರ ಜೊತೆ ಇದಾರೋ ಅವರನ್ನೇ ಕರೀಬೇಕು. ಸಭೆ ನೀವು ಬೇಡ ಅಂದ ದಿನ ಆತ ಇಳೀಬೇಕು. ನಮ್ಮ ಸಭೆ ದಿವಾನರಿಗೆ ಹಾಗೆ ಹೇಳೋದಕ್ಕೆ ಆಗುತ್ತಾ?"

ವಕೀಲರು ಬೀದಿಯತ್ತ ಒಮ್ಮೆ ನೋಡಿ, "ಮೆಲ್ಲಗೆ ಮಾತಾಡು," ಎಂದರು. ಅದೇ ಪುಟವನ್ನು ಮತ್ತೆರಡು ಸಲ ಓದಿಸಿದರು. "ಇದೇ ಕಣಮ್ಮ ಎಲ್ಲದರ ಬೇರು. ಇದನ್ನ ಹೇಳದೆ ಇದ್ರೆ ನಾನು ಸಭೆಗೆ ಹೋಗೋದೇ ದಂಡ." ಆ ಮಾತು ಅವರ ಬಾಯಿಂದಲೇ ಬಂದದ್ದು.

ಮತ ಹಾಕುವವರು ಯಾರು ಎಂಬ ಪ್ರಶ್ನೆಗೆ ಪುಸ್ತಕದ ಉತ್ತರದಲ್ಲಿ ಗಂಡಸರು ಮಾತ್ರ ಇದ್ದರು. ಓದಿ ನನ್ನ ದನಿ ಕುಗ್ಗಿತೇನೋ. ವಕೀಲರು ನಕ್ಕು, "ಈ ಒಂದನ್ನ ಬಿಟ್ಬಿಡೋಣ. ಅವರಿಗೆ ನಾಚಿಕೆ ಆಗಬೇಕಾದ ಮಾತು ನಮಗ್ಯಾಕೆ?" ಎಂದರು. ಅವತ್ತು ಅವರ ಮೇಲೆ ನನಗೆ ಗೌರವ ಬಂತು. ಜಗಲಿ ತೊಳೆದದ್ದನ್ನೂ ಮರೆಯುವಷ್ಟು ಬಂತು.

ಒಂದು ಫ್ರೆಂಚ್ ಶಬ್ದದ ಅರ್ಥ ಸಿಗದೆ ನಾನು ಮದರ್ ಬಳಿ ಹೋದೆ. ಏಕೆ ಬೇಕೆಂದು ಕೇಳಿದರು, ಹೇಳಿದೆ. ಅವರು ಹೂಬುಟ್ಟಿ ಹೆಣೆಯುವ ಪಾಠಕ್ಕೆಂದು ಬೆತ್ತ ನೆನೆಹಾಕುತ್ತಿದ್ದವರು ಕೈ ಒರೆಸಿಕೊಂಡು ಎದ್ದು ನಿಂತರು.

"ಆ ಪುಸ್ತಕ ಪರೀಕ್ಷೆಗೆ ಬರೆದದ್ದು," ಎಂದರು. ನಾವು ಇಬ್ಬರೇ ಇದ್ದಾಗ ಫ್ರೆಂಚಿನಲ್ಲೇ ಮಾತು. "ನಮ್ಮ ಊರಿನಲ್ಲಿ ಸರ್ಕಾರ ಹೇಗೆ ನಡೆಯುತ್ತದೆ ಎಂದು ನಿನಗೆ ಬೇಕೇ? ಕೂತುಕೋ."

ಅವರ ತಮ್ಮನಿಗೆ ನದಿ ದಾಟುವ ಒಂದು ಸೇತುವೆಯನ್ನೂ ಅದರ ಎರಡು ಕಡೆಯ ರಸ್ತೆಯನ್ನೂ ನೋಡಿಕೊಳ್ಳುವ ಕೆಲಸವಿತ್ತು. ಹಿಮ ಬಿದ್ದರೆ ತೆಗೆಸಬೇಕು, ಹಲಗೆ ಮುರಿದರೆ ಹಾಕಿಸಬೇಕು. ಆ ಕೆಲಸ ಕೊಡಿಸಿದವರು ಆ ಭಾಗದಿಂದ ಸಭೆಗೆ ಆರಿಸಿಹೋಗಿದ್ದ ಸದಸ್ಯರು, ಏಕೆಂದರೆ ಮದರ್ ಅವರ ತಂದೆ ಆ ಪಕ್ಷದವರು. ಒಂದು ಚುನಾವಣೆಯಲ್ಲಿ ಪಕ್ಷ ಸೋತಿತು. ವಾರದೊಳಗೆ ಗೆದ್ದವರ ಕಡೆಯ ಒಬ್ಬ ಕಾಗದ ಹಿಡಿದು ಬಂದ. ತಮ್ಮನ ಸಲಿಕೆ, ಲಾಂದ್ರ, ಮೇಲಂಗಿ ಎಲ್ಲವನ್ನೂ ಇಸಿದುಕೊಂಡ. ಆ ವರ್ಷ ರಸ್ತೆ ರಿಪೇರಿಯಾದದ್ದು ಗೆದ್ದವರ ಮನೆಗಳ ತನಕ. ಮದರ್ ಅವರ ತಂದೆಯ ಹೊಲದ ಮುಂದಿನ ತುಂಡು ಹಾಗೇ ಉಳಿಯಿತು. ಪಾದ್ರಿಗಳಿಂದ ಕೂಡ ಏನೂ ಮಾಡಲಾಗಲಿಲ್ಲ. ಆ ತಮ್ಮ ದೇಶದ ಗಡಿ ದಾಟಿ ಅಮೆರಿಕದ ಹತ್ತಿ ಗಿರಣಿಗೆ ಹೋದ. ಅಲ್ಲಿಯೇ ಎದೆಯ ರೋಗ ಬಂದು ಸತ್ತ.

"ಜನರು ಆರಿಸಿದ ಸಭೆ ಎಂದು ಬರೆಯುತ್ತೀಯಲ್ಲ, ಇದನ್ನೂ ಬರೆ," ಎಂದರು ಮದರ್. "ಬರೆಯುವುದಿಲ್ಲವೆಂದರೆ ನನ್ನ ಪುಸ್ತಕ ವಾಪಸು ಕೊಡು."

ಬರೆಯುತ್ತೇನೆಂದು ಮಾತು ಕೊಟ್ಟೆ. ಕೊಟ್ಟದ್ದು ನಿಜವಾಗಿಯೂ ಮನಸ್ಸಿನಿಂದ. ಅನುವಾದದ ಕೊನೆಗೆ ಅದನ್ನೂ ಎರಡು ಹಾಳೆ ಬರೆದು ವಕೀಲರಿಗೆ ಕೊಟ್ಟೆ. ಅವರು ಅದನ್ನು ಓದಿ, "ಇದೆಲ್ಲ ಹೆಂಗಸರ ಕಥೆ," ಎಂದು ಹಾಳೆಯನ್ನು ಹೊಸ್ತಿಲ ಮೇಲಿನಿಂದ ನನ್ನತ್ತ ತಳ್ಳಿದರು.

ದಸರಾ ಬಂತು. ಸಭೆ ನಡೆಯುವ ದೊಡ್ಡ ಹಾಲಿನ ಮಹಡಿಯಲ್ಲಿ ಹೆಂಗಸರಿಗೆಂದು ತೆರೆ ಕಟ್ಟಿದ್ದರು. ಅಪ್ಪ ಯಾರ ಯಾರನ್ನೋ ಕೇಳಿಕೊಂಡು ನನಗೆ ಅಲ್ಲಿ ಜಾಗ ಮಾಡಿಸಿದರು. ತಾವು ಕೆಳಗೆ ಬಾಗಿಲ ಹತ್ತಿರ ನಿಂತರು. ಅವತ್ತಿಗೆಂದು ಮದುವೆಯ ಕೋಟು ಹಾಕಿದ್ದರು. ವಕೀಲರ ಸರದಿ ಮಧ್ಯಾಹ್ನ ಬಂತು. ಎದ್ದು ನಿಂತು, ಫ್ರೆಂಚ್ ಮೂಲದಿಂದ ತಾವು ಶ್ರಮಪಟ್ಟು ಸಂಗ್ರಹಿಸಿದ ವಿಷಯವೆಂದು ಶುರುಮಾಡಿದರು. ನನ್ನ ಹೆಸರು ಬರುತ್ತದೆಂದು ಕಾದೆ. ಆಮೇಲೆ ಹೆಸರಿನ ಯೋಚನೆಯೇ ಹೋಯಿತು.

ಆ ಪ್ರಾಂತ್ಯದಲ್ಲಿ ಮೇಲಿನ ಮನೆಗೆ ಯೋಗ್ಯರನ್ನು ಸರ್ಕಾರವೇ ನೇಮಿಸುತ್ತದೆ, ಅವರು ಜೀವಾವಧಿ ಸದಸ್ಯರು, ನಮ್ಮಲ್ಲೂ ವಿದ್ಯಾವಂತ ಮನೆತನಗಳಿಗೆ ಅಂಥ ಸ್ಥಾನಗಳು ಬೇಕು ಎಂದರು. ಲೆಫ್ಟಿನೆಂಟ್ ಗವರ್ನರು ಮುಖ್ಯಮಂತ್ರಿಯನ್ನು ನೇಮಿಸುವುದು ನಮ್ಮ ಪ್ರಭುಗಳು ದಿವಾನರನ್ನು ನೇಮಿಸುವಂತೆಯೇ, ಆದ್ದರಿಂದ ಆತುರ ಬೇಡ ಎಂದರು. ಕೊನೆಗೆ, ಅಷ್ಟು ಮುಂದುವರಿದ ಆ ಜನರೇ ಹೆಂಗಸರಿಗೆ ಮತ ಕೊಟ್ಟಿಲ್ಲ, ಇಲ್ಲಿ ಕೆಲವರು ಅದನ್ನೇ ಕೇಳುತ್ತಿದ್ದಾರಲ್ಲ ಎಂದು ಕೈಯಾಡಿಸಿದರು. ಸಭೆ ನಕ್ಕಿತು. ವೇದಿಕೆಯ ಮೇಲೆ ಕೂತಿದ್ದ ಅಧಿಕಾರಿಗಳು ತಲೆದೂಗಿದರು. ಸಭೆ ಮಂತ್ರಿಯನ್ನು ಇಳಿಸಬಹುದು ಎಂಬ ಮಾತು, ಎಲ್ಲದರ ಬೇರು ಎಂದು ಅವರೇ ಹೇಳಿದ್ದ ಮಾತು, ಒಂದು ಅಕ್ಷರವೂ ಬರಲಿಲ್ಲ.

ತೆರೆಯ ಹಿಂದೆ ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು, "ಎಷ್ಟು ಚೆನ್ನಾಗಿ ಮಾತಾಡಿದ್ರು ಕಣ್ರೀ," ಎಂದರು.

ಮಾರನೆಯ ಬೆಳಿಗ್ಗೆ ಅವರ ಮನೆಗೆ ಹೋದೆ. ಜಗಲಿಯಲ್ಲಿ ಇಬ್ಬರು ಕಕ್ಷಿಗಾರರು ಕೂತಿದ್ದರು. ನಾನು ಕೂರಲಿಲ್ಲ.

"ಯಾಕೆ ಹಾಗೆ ಹೇಳಿದ್ರಿ?"

ವಕೀಲರು ಕಾಗದದಿಂದ ತಲೆ ಎತ್ತಿದರು. "ಹೇಗೆ?"

"ಬಿಡ್ತೀನಿ ಅಂದದ್ದನ್ನ ಹೇಳಿದ್ರಿ. ಹೇಳ್ತೀನಿ ಅಂದದ್ದನ್ನ ಬಿಟ್ರಿ."

"ನೋಡಮ್ಮ, ಎಲ್ಲಿ ಏನು ಮಾತಾಡಬೇಕು ಅಂತ ಒಂದು ಲೆಕ್ಕ ಇರುತ್ತೆ. ನಿನಗೆ ತಿಳಿಯೋದಿಲ್ಲ."

"ಪುಸ್ತಕದಲ್ಲಿ ಇರೋದು ನನಗೆ ತಿಳೀತು. ನಿಮಗೂ ತಿಳೀತು. ಅದನ್ನ ಕೇಳಿ ನೀವು ಬೀದಿ ಕಡೆ ತಿರುಗಿ ನೋಡಿದ್ರಲ್ಲ, ಆಗಲೇ ನಾನು ಅರ್ಥ ಮಾಡ್ಕೋಬೇಕಿತ್ತು. ನಿಮಗೆ ಭಯ."

ಕಕ್ಷಿಗಾರರಲ್ಲಿ ಒಬ್ಬ ಕೆಮ್ಮಿದ. ವಕೀಲರ ಮುಖ ಕೆಂಪಾಯಿತು. "ರಟ್ಟು ಕಟ್ಟೋನ ಮಗಳು ನನಗೆ ರಾಜ್ಯಭಾರ ಹೇಳ್ಕೊಡೋದಕ್ಕೆ ಬಂದ್ಬಿಟ್ಟೆಯಾ? ನಡಿ ಆಚೆ!"

"ಹೋಗ್ತೀನಿ. ಹೋದ ಮೇಲೆ ಜಗಲಿ ಚೆನ್ನಾಗಿ ತೊಳಿಸಿ."

ಅಪ್ಪ ಕೇಳಿ ತಲೆಯ ಮೇಲೆ ಕೈಹೊತ್ತು ಕೂತರು. ಆದರೆ ಆ ಸಂಜೆ ತಾವಾಗಿಯೇ ಬಂದು, ಅಚ್ಚುಕೂಟದಲ್ಲಿ ತಮಗೆ ಬೇಕಾದವರೊಬ್ಬರು ಇದ್ದಾರೆ, ಸಣ್ಣ ಪುಸ್ತಕವಾದರೆ ಬಿಡುವಿನಲ್ಲಿ ಅಚ್ಚು ಮಾಡಿಕೊಡುತ್ತಾರೆ, ರಟ್ಟು ತಾವೇ ಹಾಕಬಹುದು ಎಂದರು. ನನ್ನ ಅಪ್ಪ ಆಯುಷ್ಯದಲ್ಲಿ ಮಾಡಿದ ಧೈರ್ಯದ ಕೆಲಸ ಅದೊಂದೇ ಇರಬೇಕು.

ಪ್ರಶ್ನೋತ್ತರವನ್ನು ಪೂರ್ತಿ ಕನ್ನಡದಲ್ಲಿ ಅಚ್ಚು ಮಾಡಿಸಿದೆ. ಜೀವಾವಧಿಯ ಇಪ್ಪತ್ತನಾಲ್ಕು ಮಂದಿ, ಹಣಕ್ಕೆ ಒಪ್ಪಿಗೆ, ಮಂತ್ರಿ ಇಳಿಯುವ ಪಾಠ, ಹೆಂಗಸರಿಗೆ ಮತ ಇಲ್ಲದ ಪಾಠ, ಎಲ್ಲ ಇತ್ತು. ಮದರ್ ಅವರ ತಮ್ಮನ ಕಥೆಯ ಎರಡು ಹಾಳೆಗಳು ಮಾತ್ರ ಇರಲಿಲ್ಲ. ಅಚ್ಚಿನ ಮೊಳೆ ಜೋಡಿಸುವವರು ಅವನ್ನೂ ಕೇಳಿದರು. ನಾನು ಹಾಳೆಗಳನ್ನು ಕೈಯಲ್ಲಿ ಹಿಡಿದುಕೊಂಡು ನಿಂತೆ. ಇದು ಅಚ್ಚಾದರೆ ವಕೀಲರು ಇದೊಂದನ್ನೇ ಎತ್ತಿಕೊಂಡು, ಜನ ಆರಿಸಿದ ಸಭೆ ಎಂದರೆ ಇಷ್ಟೇ ನೋಡಿ, ಸಲಿಕೆ ಕಿತ್ತುಕೊಳ್ಳುವವರು ಎಂದು ಹೇಳಿಬಿಡುತ್ತಾರೆ ಎನ್ನಿಸಿತು. "ಇದು ಬೇಡ," ಎಂದೆ.

ಮರುವರ್ಷದ ದಸರಾ ಸಭೆಗೆ ಸದಸ್ಯರು ಒಳಗೆ ಹೋಗುವಾಗ ಅಪ್ಪ ಬಾಗಿಲಲ್ಲಿ ನಿಂತು ಪುಸ್ತಕಗಳನ್ನು ಹಂಚಿದರು. ಬಹಳ ಮಂದಿ ಜಾತ್ರೆಯ ಜಾಹೀರಾತೆಂದು ತಿಳಿದು ಜೇಬಿಗೆ ತುರುಕಿಕೊಂಡರಂತೆ. ಎರಡು ದಿನದ ಮೇಲೆ ತಾಲ್ಲೂಕಿನ ಕಡೆಯ ಒಬ್ಬ ರೈತ ಸದಸ್ಯರು ನಮ್ಮ ಅಂಗಡಿ ಹುಡುಕಿಕೊಂಡು ಬಂದರು. ಸಭೆ ನಡೆಯುವ ದಿನಗಳಲ್ಲಿ ಊರಾಚೆಯ ಕೆಸರೆ ಹಳ್ಳಿಯಲ್ಲಿದ್ದ ಭಾವನ ಮನೆಯಲ್ಲಿ ಇಳಿದು, ಅಲ್ಲಿಂದ ನಡೆದೇ ಬರುತ್ತಿದ್ದರು. ಕಾಲಿನ ಧೂಳನ್ನು ಹೊರಗೇ ಕೊಡವಿ ಒಳಗೆ ಬಂದರು.

"ನೀವೇಯಾ ಇದ ಬರ್ದಿದ್ದು?" ಎಂದು ಪುಸ್ತಕ ಎತ್ತಿ ತೋರಿಸಿದರು. "ನಾನು ಅಕ್ಸರ ಕೂಡುಸ್ಕಂಡು ಓದೋನು ಕಣವ್ವ. ಎಲ್ಡು ದಿನ ಇಡೀತು. ಈ ಮಂತ್ರೀನ ಇಳ್ಸೋದು ಅಂತ ಐತಲ್ಲ, ಅದು ದಿಟವಾ? ನಮ್ಮಂತೋರು ಬ್ಯಾಡ ಅಂದ್ರೆ ಇಳ್ದೋಯ್ತಾರಾ?"

"ಹೆಚ್ಚು ಜನ ಬೇಡ ಅಂದರೆ ಇಳೀಬೇಕು."

"ಅಂಗಾರೆ ವಕೀಲರು ಓದ ವರ್ಸ ಅದ ಯಾಕೆ ಯೋಳ್ನಿಲ್ಲ?"

"ಅವರನ್ನೇ ಕೇಳಿ."

ಅವರು ಪುಸ್ತಕವನ್ನು ಜೇಬಿಗಿಟ್ಟುಕೊಂಡರು. "ಇನ್ನೊಂದು ಕೇಳ್ತೀನಿ. ಅಲ್ಲಿ ರಸ್ತೆ ಯಾರ್ ಮನೆ ಮುಂದೆ ಮಾಡುಸ್ತಾರೆ? ಗೆದ್ದೋರ್ ಮನೆ ಮುಂದೆಯೋ, ಎಲ್ಲಾರ್ ಮನೆ ಮುಂದೆಯೋ?"

ಇಷ್ಟು ವರ್ಷದ ಮೇಲೂ ಆ ಪ್ರಶ್ನೆ ನೆನಪಾದರೆ ನನಗೆ ಮುಖ ಬಿಸಿಯಾಗುತ್ತದೆ. ಎಲ್ಲಿಂದ ಹೊಳೆಯಿತೋ ಅವರಿಗೆ. ನಾನು, "ಪುಸ್ತಕದಲ್ಲಿ ಅದು ಇಲ್ಲ," ಎಂದೆ.

"ಬುಡವ್ವ, ಇಲ್ದಿದ್ರೆ ಇಲ್ಲ," ಎಂದು ಎದ್ದು ಹೋದರು.

ಮರುದಿನ ನಾನು ತೆರೆಯ ಹಿಂದೆ ಕೂತಿದ್ದೆ. ಆ ರೈತ ಸದಸ್ಯರು ಪುಸ್ತಕ ಹಿಡಿದು ಎದ್ದರು. ಮಂತ್ರಿಯನ್ನು ಸಭೆ ಇಳಿಸಬಹುದೆಂದು ಇದರಲ್ಲಿ ಐತೆ, ವಕೀಲರು ಹೋದ ವರ್ಷ ಇದನ್ನು ಯಾಕೆ ಮುಚ್ಚಿಟ್ಟರು ಎಂದು ಕೂಗಿ ಕೇಳಿದರು. ವಕೀಲರು ನಿಧಾನವಾಗಿ ಎದ್ದು, "ಅದು ಮಕ್ಕಳ ಪಾಠದ ಪುಸ್ತಕ. ತಿಳಿವಳಿಕೆ ಇಲ್ಲದವರು ಯಾರೋ ಭಾಷಾಂತರ ಮಾಡಿ ಬಾಗಿಲಲ್ಲಿ ಹಂಚಿದಾರೆ," ಎಂದರು. ಮತ್ತೆ ನಗು. ಆ ರೈತರು ಇನ್ನೂ ಮಾತಾಡುತ್ತಿದ್ದಂತೆಯೇ ದಿವಾನರು ಮುಂದಿನ ವಿಷಯ ಕರೆದರು. ಅವರು ಕೂರಲಿಲ್ಲ. ಪಕ್ಕದವರು ಅಂಗವಸ್ತ್ರ ಹಿಡಿದು ಎಳೆದು ಕೂರಿಸಬೇಕಾಯಿತು.

ಇದಾದ ಹದಿನೈದು ದಿನಕ್ಕೆ ಶಾಲೆಯಲ್ಲಿ ನನ್ನನ್ನು ಕರೆದರು. ರಾಜಕೀಯದಲ್ಲಿ ಕೈಹಾಕುವ ಟೀಚರನ್ನು ಇಟ್ಟುಕೊಳ್ಳುವುದು ಕಷ್ಟ, ದೊಡ್ಡ ಮನೆತನದ ಹುಡುಗಿಯರೂ ಇಲ್ಲಿ ಓದುತ್ತಾರೆ ಎಂದರು. ಯಾರು ಹೇಳಿಸಿದರು ಎಂದು ಕೇಳಿದ್ದಕ್ಕೆ ಆ ತಿಂಗಳ ಸಂಬಳ ಎಣಿಸಿ ಮುಂದಿಟ್ಟರು. ವಕೀಲರ ಇಬ್ಬರು ಮೊಮ್ಮಕ್ಕಳು ಆಗ ಮೂರನೆಯ ಕ್ಲಾಸಿನಲ್ಲಿದ್ದರು.

ಮದರ್ ನನ್ನ ಪರವಾಗಿ ಒಂದು ಮಾತು ಆಡುತ್ತಾರೆಂದು ಅವರ ಕೋಣೆಗೆ ಹೋದೆ. ಮೇಜಿನ ಮೇಲೆ ನನ್ನ ಪುಸ್ತಕವಿತ್ತು. ಯಾರೋ ತಂದು ಕೊಟ್ಟಿದ್ದರು. ಕನ್ನಡ ಅವರಿಗೆ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ.

"ಓದು," ಎಂದರು.

ನಿಂತುಕೊಂಡೇ ಓದಿದೆ. ಚಿಕ್ಕವಳಿದ್ದಾಗ ಒಪ್ಪಿಸಿದಂತೆ ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ. ಅವರು ಕಣ್ಣು ಮುಚ್ಚಿ ಕೇಳಿದರು. ನಡುವೆ ಒಂದು ಸಲ ಊಟದ ಗಂಟೆ ಹೊಡೆಯಿತು, ಅವರು ಏಳಲಿಲ್ಲ. ಕೊನೆಯ ಪುಟ ಮುಗಿಸಿ ಪುಸ್ತಕ ಮುಚ್ಚಿದೆ.

"ಮುಗಿಯಿತೇ?"

"ಮುಗಿಯಿತು ಮದರ್."

"ನನ್ನ ತಮ್ಮ ಎಲ್ಲಿ?"

ನಾನು ಕಾರಣ ಹೇಳಲು ಹೊರಟೆ. ವಕೀಲರು ಅದನ್ನು ದುರುಪಯೋಗ ಮಾಡುತ್ತಿದ್ದರು, ಜನರಿಗೆ ಮೊದಲು ಒಳ್ಳೆಯದು ತಿಳಿಯಲಿ ಎಂದು ಯೋಚಿಸಿದೆ, ಎಂದೆಲ್ಲ. ಅವರು ಕೈ ಎತ್ತಿ ತಡೆದರು.

"ಆ ವಕೀಲ ತನಗೆ ಬೇಡದ್ದನ್ನು ಬಿಟ್ಟ. ನೀನೂ ನಿನಗೆ ಬೇಡದ್ದನ್ನು ಬಿಟ್ಟೆ. ಅವನು ನನಗೆ ಮಾತು ಕೊಟ್ಟಿರಲಿಲ್ಲ." ಹಾಗೆಂದು ನನ್ನ ಚೀಲದಲ್ಲಿದ್ದ ತಮ್ಮ ಫ್ರೆಂಚ್ ಪುಸ್ತಕಕ್ಕೆ ಕೈಚಾಚಿದರು. ಕೊಟ್ಟೆ. ಕೆಲಸದ ಮಾತು ಎತ್ತಲು ನನಗೆ ಬಾಯಿ ಬರಲಿಲ್ಲ. ಅವರೂ ಎತ್ತಲಿಲ್ಲ. ಮುಂದೆ ಹತ್ತು ವರ್ಷ ಅವರು ಮೈಸೂರಿನಲ್ಲೇ ಇದ್ದರು. ಚರ್ಚಿನಲ್ಲಿ ಎಷ್ಟೋ ಸಲ ಎದುರಾದರೂ ನನ್ನನ್ನು ನೋಡದವರಂತೆ ಹೋದರು. ಸಾಯುವ ಮುಂಚೆ ನಾನು ಕಾಣಲು ಹೋದಾಗ ಬಾಗಿಲಲ್ಲೇ ಬೇಡ ಎಂದು ಹೇಳಿಕಳಿಸಿದರು. ವಕೀಲರ ಮೇಲೆ ಸಿಟ್ಟು ಮಾಡಿಕೊಳ್ಳುವಾಗ ಇದನ್ನು ಮರೆಯಬಾರದೆಂದು ಪ್ರಯತ್ನಿಸುತ್ತೇನೆ. ಕೆಲವು ದಿನ ನೆನಪಿರುತ್ತದೆ.

ಸುಧಾರಣೆಗಳು ಬಂದವು. ಸಭೆಗೆ ಆಯವ್ಯಯದ ಮೇಲೆ ಮಾತಾಡುವ ಹಕ್ಕು, ಇನ್ನೂ ಕೆಲವು ಹಕ್ಕುಗಳು ಬಂದವು. ದಿವಾನರನ್ನು ಇಳಿಸುವ ಹಕ್ಕು ಬರಲಿಲ್ಲ. ಹೆಂಗಸು ಎಂಬ ಒಂದೇ ಕಾರಣಕ್ಕೆ ಮತ ಇಲ್ಲ ಎನ್ನುವ ಕಟ್ಟು ಕೂಡ ಹೋಯಿತು. ಆದರೆ ಮತಕ್ಕೆ ಕಂದಾಯ ಕಟ್ಟುವ ಆಸ್ತಿಯೋ, ಯೂನಿವರ್ಸಿಟಿಯ ಪದವಿಯೋ ಬೇಕಿತ್ತು. ನನಗೆ ಎರಡೂ ಇರಲಿಲ್ಲ. ವಕೀಲರು ಸಂಸ್ಥಾನದ ಮೇಲಿನ ಮನೆಯಾದ ನ್ಯಾಯವಿಧಾಯಕ ಸಭೆಗೆ ಸರ್ಕಾರ ನೇಮಿಸಿದ ಸದಸ್ಯರಾದರು. ಆ ಸಂತೋಷಕ್ಕೆ ಪುರಭವನದಲ್ಲಿ ಅವರಿಗೆ ಹಾರ ಹಾಕಿದರು. ಸರ್ಕಾರ ಹೇಗೆ ನಡೆಯಬೇಕೆಂಬ ವಿಷಯದಲ್ಲಿ ಅವರಿಗಿದ್ದ ಪಾಂಡಿತ್ಯವನ್ನು ಭಾಷಣಕಾರರು ಕೊಂಡಾಡಿದರಂತೆ.

ನನಗೆ ಮುನಿಸಿಪಾಲಿಟಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅದು ಸಿಗುವುದಕ್ಕೆ ಒಂದು ವರ್ಷದ ಮೇಲೆ ಹಿಡಿಯಿತು. ಆ ವರ್ಷವೆಲ್ಲ ಅಪ್ಪನ ಜೊತೆ ಕೂತು ಹಾಳೆ ಮಡಿಸಿದೆ, ಹೊಲಿದೆ. ಹಲವರು ನಮ್ಮ ಅಂಗಡಿಗೆ ಬರುವುದನ್ನು ಬಿಟ್ಟಿದ್ದರು.

ಮುನಿಸಿಪಾಲಿಟಿ ಚುನಾವಣೆ ಬಂದಾಗ ಅಪ್ಪನಿಗೆ ಮತವಿತ್ತು, ಅಂಗಡಿ ಅವರ ಹೆಸರಿನಲ್ಲಿ ಇದ್ದದ್ದರಿಂದ. ನಮ್ಮ ಭಾಗಕ್ಕೆ ಇಬ್ಬರು ನಿಂತಿದ್ದರು. ಒಬ್ಬರು ಆ ವಕೀಲರ ಅಳಿಯ, ಹೊಸ ಬಡಾವಣೆಗಳ ಗುತ್ತಿಗೆ ಹಿಡಿಯುವವರು. ಇನ್ನೊಬ್ಬರು ಮಾರುಕಟ್ಟೆಯಲ್ಲಿ ಎಣ್ಣೆ ಅಂಗಡಿ ಇಟ್ಟಿದ್ದವರು, ನಮ್ಮ ಬೀದಿಗೆ ನಲ್ಲಿ ತರಿಸುತ್ತೇನೆಂದವರು. ಅಪ್ಪ ಮದುವೆಯ ಕೋಟು ಹಾಕಿಕೊಂಡು ಹೊರಟರು. ವಾಪಸು ಬಂದಾಗ ನಾನು ಬಾಗಿಲಲ್ಲೇ ಕೇಳಿದೆ.

"ಎಣ್ಣೆ ಅಂಗಡಿಯವರಿಗೆ ತಾನೆ?"

ಅಪ್ಪ ಕೋಟು ಬಿಚ್ಚಿ ಮೊಳೆಗೆ ಹಾಕಿದರು. ಬಹಳ ಹೊತ್ತು ಹಾಕಿದರು. "ವಕೀಲರ ಅಳಿಯ ಹೋದ ವಾರ ಬಂದಿದ್ರು ಕಣಮ್ಮ. ಅವರ ಆಫೀಸಿನ ರಟ್ಟಿನ ಕೆಲಸ ಪೂರ್ತಿ ನಮಗೇ ಕೊಡ್ತೀನಿ ಅಂದ್ರು."

"ಅದಕ್ಕೆ?"

"ಅದಕ್ಕೆ ಹಾಕ್ಬುಟ್ಟೆ."

"ಆ ಮನೆಯವರು ನಮಗೆ ಏನು ಮಾಡಿದ್ರು ಅಂತ ಮರೆತುಹೋಯ್ತಾ ನಿಮಗೆ?"

"ಮರೆತಿಲ್ಲ. ಅಂಗಡಿ ನಡೀಬೇಕಲ್ಲ, ನೀನೇ ಹೇಳು."

ನಾಲ್ಕು ದಿನ ಅಪ್ಪನ ಜೊತೆ ಮಾತು ಬಿಟ್ಟೆ. ಅನ್ನ ಬಡಿಸಿ ಒಳಗೆ ಹೋಗುತ್ತಿದ್ದೆ, ಅವರು ಒಬ್ಬರೇ ಕೂತು ಉಣ್ಣುತ್ತಿದ್ದರು. ಐದನೆಯ ದಿನ ವಕೀಲರ ಅಳಿಯನ ಕಡೆಯಿಂದ ಗಾಡಿಯಲ್ಲಿ ಪುಸ್ತಕಗಳು ಬಂದು ಇಳಿದವು. ಹೊಸ ಬಡಾವಣೆಯ ನಕ್ಷೆಗಳು, ಕಡತಗಳು, ಒಂದು ರಾಶಿ. ಅಪ್ಪನಿಗೆ ಆಗಲೇ ಕಣ್ಣು ಮಂಜಾಗಿತ್ತು, ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಎರಡು ಸಲ ತಪ್ಪಿದರು, ಮೂರನೆಯ ಸಲ ದಾರದ ತುದಿ ಬಾಯಿಗಿಟ್ಟು ಒದ್ದೆ ಮಾಡುತ್ತ ಕೂತರು. ನಾನು ಹೋಗಿ ಸೂಜಿ ಕಿತ್ತುಕೊಂಡು ಪೋಣಿಸಿ ಕೊಟ್ಟೆ. ಆಮೇಲೆ ಎದುರಿಗೆ ಕೂತು ಮೊದಲನೆಯ ಕಟ್ಟನ್ನು ಬಿಚ್ಚಿದೆ.